ಸೋಮವಾರದಿಂದ ಶನಿವಾರದವರೆಗೆ ಕ್ರಿಸ್ತನಿಗೆ ಸಾಕ್ಷಿಯಾಗಿರುವುದು ಹೇಗೆ? ಬೆಂಗಳೂರಿನವರು ಹೇಳಿ

ಪೀಣ್ಯದ ಅಕೌಂಟೆಂಟ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕನ್ನಡ ಚರ್ಚ್ ಸಭೆಯೊಂದರ ಸದಸ್ಯ. "ನಿಮ್ಮ ಬದುಕೇ ಸಾಕ್ಷಿಯಾಗಿರಲಿ" ಅಂತ ನಮ್ಮ ಸಭೆಯಲ್ಲಿ ಆಗಾಗ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಾಗ ಅದನ್ನು ಹೇಗೆ ಮಾಡುವುದು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ನಾನು ಕ್ರೈಸ್ತ ಅಂತ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಹೆಸರು ಕೇಳಿದರೇ ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಕೇಕ್, ರೋಸ್ ಕುಕ್ಕಿ, ಕಲ್‌ಕಲ್ ತೆಗೆದುಕೊಂಡು ಹೋಗುತ್ತೇನೆ. ನನ್ನ ನಂಬಿಕೆ ಬಗ್ಗೆ ಅವರಿಗೆ ಗೊತ್ತಿರುವುದು ಅಷ್ಟೇ. ದಿನಾ ಒಂದು ಬೈಬಲ್ ವಚನ ಆಫೀಸ್ ವಾಟ್ಸಾಪ್ ಗ್ರೂಪಿಗೆ ಕಳಿಸು ಅಂತ ಸಭೆಯ ಹಿರಿಯರೊಬ್ಬರು ಹೇಳುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಆ ಗ್ರೂಪ್ ಇರುವುದು ಮಾಲು ಹೋಯಿತಾ, ದುಡ್ಡು ಬಂತಾ ಅಂತ ಕೇಳುವುದಕ್ಕೆ.

ಈಗ ಎರಡು ವಿಷಯ ನನ್ನ ತಲೆಯಲ್ಲಿವೆ. ಒಂದು, ಆಯುಧ ಪೂಜೆ ಹತ್ತಿರ ಬಂದಿದೆ. ಮೆಷಿನ್ ತೊಳೆಯುವುದು, ಹೂವು, ಕುಂಕುಮ, ಬೂದುಗುಂಬಳಕಾಯಿ ಒಡೆಯುವುದು, ಕಡ್ಲೆಪುರಿ ಹಂಚುವುದು. ನಾನು ಎಲ್ಲಿ ನಿಲ್ಲಬೇಕು? ಎರಡು, ಸರಕೇ ಬರದ ಬಿಲ್ಲೊಂದನ್ನು ಖರೀದಿ ಲೆಕ್ಕಕ್ಕೆ ಹತ್ತಿಸು ಅಂತ ಮೇಲಿನಿಂದ ಮಾತು ಬಂದಿದೆ. ಇನ್ನೂ ಹತ್ತಿಸಿಲ್ಲ.

ವಚನ ಕಳಿಸುವುದು ಸಾಕ್ಷಿಯಾ, ಇದು ಸಾಕ್ಷಿಯಾ? ಅನುಭವ ಇರುವವರು ಬರೆಯಿರಿ.

ಲಿಂಗರಾಜಪುರದ ಅಮ್ಮ

ಬಿಲ್ ಹತ್ತಿಸಬೇಡಪ್ಪ. ಪೂಜೆ ವಿಷಯ ಆಮೇಲೆ ಮಾತಾಡೋಣ.

ಜಯನಗರದ ಸಿಎ

ನಾನು ಕ್ರೈಸ್ತ ಅಲ್ಲ. ಆದರೂ ಅಮ್ಮ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಸರಕು ಕೈಗೆ ಬಂದಿದ್ದರೆ ಮಾತ್ರ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು, ತೆಗೆದುಕೊಳ್ಳಬಹುದು. ಸರಕಿಲ್ಲದ ಬಿಲ್ ಮೇಲೆ ಕ್ರೆಡಿಟ್ ಪಡೆಯುವುದು ಜಿಎಸ್‌ಟಿ ಕಾಯ್ದೆಯ 132ನೇ ಕಲಮಿನ ಪ್ರಕಾರ ಅಪರಾಧ. ಮೊತ್ತ ದೊಡ್ಡದಾದರೆ ಜೈಲು ಶಿಕ್ಷೆಯೂ ಇದೆ. ಬಾಯಿಮಾತಿನಲ್ಲಿ ಜಗಳ ಆಡಬೇಡಿ. "ಈ ಬಿಲ್ಲಿಗೆ ಗೇಟ್ ಎಂಟ್ರಿ ಇಲ್ಲ, ಸರಕು ಬಂದ ರಸೀದಿ ಇಲ್ಲ, ದಯವಿಟ್ಟು ಕಳಿಸಿಕೊಡಿ" ಅಂತ ಒಂದು ಮೇಲ್ ಹಾಕಿ. ಯಾರ ಮೇಲೂ ಆರೋಪ ಬೇಡ. ಆ ಕಾಗದ ಇಲ್ಲದೆ ಎಂಟ್ರಿ ಹಾಕಲು ಆಗುವುದಿಲ್ಲ ಅಂತಷ್ಟೇ ಹೇಳಿ. ಬಹಳ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಸಭಾಪಾಲಕ

ಸಿಎ ಅವರಿಗೆ ವಂದನೆ. ಕಳ್ಳ ತಕ್ಕಡಿ ಅಂದರೆ ದೇವರಿಗೆ ಅಸಹ್ಯ ಅಂತ ಬೈಬಲ್ಲಿನ ಜ್ಞಾನೋಕ್ತಿ 11ನೇ ಅಧ್ಯಾಯದ ಮೊದಲ ವಚನದಲ್ಲೇ ಇದೆ. ಸರಕಿಲ್ಲದ ಬಿಲ್ಲೂ ಕಳ್ಳ ತಕ್ಕಡಿಯೇ.

ಆಯುಧ ಪೂಜೆ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಇದು ಪೀಣ್ಯದ ಪ್ರಶ್ನೆ ಮಾತ್ರ ಅಲ್ಲ. ಮೊದಲನೇ ಶತಮಾನದಲ್ಲಿ ಗ್ರೀಸಿನ ಕೊರಿಂಥ ಪಟ್ಟಣದಲ್ಲೂ ಇದೇ ಪ್ರಶ್ನೆ ಇತ್ತು. ವಿಗ್ರಹಕ್ಕೆ ಅರ್ಪಿಸಿದ ಆಹಾರ ತಿನ್ನಬಹುದಾ ಅಂತ ಅಲ್ಲಿನ ಕ್ರೈಸ್ತರು ಅಪೊಸ್ತಲ ಪೌಲನನ್ನು ಕೇಳಿದರು. ಅವನು 1 ಕೊರಿಂಥದ 8ರಿಂದ 10ನೇ ಅಧ್ಯಾಯದವರೆಗೆ ಅದಕ್ಕೇ ಜಾಗ ಕೊಟ್ಟಿದ್ದಾನೆ. ಪೂಜೆಯಲ್ಲಿ ಪಾಲುಗೊಳ್ಳಬೇಡಿ ಅನ್ನುತ್ತಾನೆ. ಆದರೆ ನಂಬಿಕೆ ಬೇರೆಯಾದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಊಟ ಮಾಡಿ ಅಂತಲೂ ಹೇಳುತ್ತಾನೆ. ಇದು ಅರ್ಪಿಸಿದ್ದು ಅಂತ ಯಾರಾದರೂ ಎತ್ತಿ ಹೇಳಿದರೆ, ಹಾಗೆ ಹೇಳಿದವರ ಮನಸ್ಸಿಗೋಸ್ಕರ ಬಿಡಿ ಅನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ತಿನ್ನುವವನು ತಿನ್ನದವನನ್ನು ಹೀನವಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು.

ನನ್ನ ಸಭೆಯಲ್ಲಿ ಪ್ರಸಾದ ತೆಗೆದುಕೊಳ್ಳುವವರೂ ಇದ್ದಾರೆ, ತೆಗೆದುಕೊಳ್ಳದವರೂ ಇದ್ದಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಮೆಷಿನ್ ತೊಳೆಯುವಾಗ ಮೊದಲು ಹೋಗಿ. ಕಾರ್ಮಿಕರ ಜೊತೆ ಕೂತು ಊಟ ಮಾಡಿ. ಪೂಜೆ ಹೊತ್ತಿನಲ್ಲಿ ಹಿಂದೆ ಗೌರವದಿಂದ ನಿಲ್ಲಿ. ಆವತ್ತು ರಜೆ ಹಾಕಿ ತಪ್ಪಿಸಿಕೊಳ್ಳಬೇಡಿ. ಸಹೋದ್ಯೋಗಿಗಳು ಖುಷಿಯಾಗಿರುವ ದಿನ ನೀವು ಇಲ್ಲದಿದ್ದರೆ ಅದು ಅವರಿಗೆ ಬೇಸರ ತರುತ್ತದೆ.

ಹೆಣ್ಣೂರು ಬ್ರದರ್

ಪ್ರೈಸ್ ದ ಲಾರ್ಡ್. ಪಾಸ್ಟರ್ ಮಾತಿಗೆ ಗೌರವ ಇದೆ. ಆದರೆ ಒಂದು ಭಾರ ಹೇಳಬೇಕು. ಒಳ್ಳೆಯವರಾಗಿ ಇದ್ದರೆ ಸಾಕು ಅಂತ ನಾವು ಜಾಸ್ತಿ ಹೇಳುತ್ತಿದ್ದೇವೆ. ಒಳ್ಳೆಯ ಹಿಂದೂಗಳು, ಒಳ್ಳೆಯ ಮುಸ್ಲಿಮರು, ದೇವರನ್ನೇ ನಂಬದ ಒಳ್ಳೆಯವರು ನಮ್ಮ ಬೀದಿಯಲ್ಲೇ ಇದ್ದಾರೆ. ನಾನು ಪ್ರಾಮಾಣಿಕನಾಗಿದ್ದರೆ ಜನ ನನ್ನನ್ನು ಹೊಗಳುತ್ತಾರೆ. ಯೇಸುವಿನ ಹೆಸರು ಎಲ್ಲಿ ಬಂತು? ಸಾರುವವನಿಲ್ಲದೆ ಕೇಳುವುದು ಹೇಗೆ ಅಂತ ರೋಮಾಪುರ 10ನೇ ಅಧ್ಯಾಯ ಕೇಳುತ್ತದೆ. ಸುಮ್ಮನಿರುವುದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಭಯ ಅಂತ ನಾವೇ ನೋಡಿಕೊಳ್ಳಬೇಕು. ಕುಡಿತದಿಂದ ಹಾಳಾಗಿದ್ದ ನನ್ನ ಅಣ್ಣನಿಗೆ ಒಬ್ಬರು ಬಾಯಿಬಿಟ್ಟು ಹೇಳಿದ್ದಕ್ಕೇ ಅವನ ಮನೆ ಇವತ್ತು ನಿಂತಿದೆ.

ಬನಶಂಕರಿ ಗೃಹಿಣಿ

ಬ್ರದರ್, ನಿಮ್ಮ ಅಣ್ಣ ಚೆನ್ನಾಗಿರುವುದು ಓದಿ ಸಂತೋಷ ಆಯಿತು. ನಾನು ಹಿಂದೂ. ಕೇಳಿಸಿಕೊಳ್ಳುವ ಜಾಗದಲ್ಲಿ ಇರುವವಳಾಗಿ ಎರಡು ಮಾತು ಬರೆಯಬಹುದು ಅನ್ನಿಸಿತು.

ನಮ್ಮ ಅತ್ತೆ ತೀರಿಕೊಂಡಾಗ ಕೆಳಗಿನ ಮನೆಯ ಕ್ರೈಸ್ತ ಆಂಟಿ ಬೆಳಗಿನ ಜಾವ ಬಂದರು. ಮಕ್ಕಳನ್ನು ಅವರ ಮನೆಗೆ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಿ, ತಿಂಡಿ ಕೊಟ್ಟರು. ನಾವು ಸೂತಕದಲ್ಲಿ ಏನು ತಿನ್ನುತ್ತೇವೆ, ಏನು ತಿನ್ನುವುದಿಲ್ಲ ಅಂತ ಕೇಳಿಕೊಂಡು ಅದನ್ನೇ ಹೊಂದಿಸಿದರು. ದೇವರ ಬಗ್ಗೆ ಒಂದೂ ಮಾತಿಲ್ಲ. ಹದಿಮೂರನೇ ದಿನದ ಕಾರ್ಯಕ್ಕೆ ಬಂದು ಕೊನೆಯ ಪಂಕ್ತಿವರೆಗೂ ನಿಂತಿದ್ದರು.

ಅದೇ ದಿನಗಳಲ್ಲಿ ಇನ್ನೊಬ್ಬರು ಬಂದರು. ಪರಿಚಯದವರೇ. ಕೈಗೆ ಒಂದು ಕರಪತ್ರ ಕೊಟ್ಟು, ನಿಮ್ಮ ಅತ್ತೆ ಈಗ ಎಲ್ಲಿದ್ದಾರೆ ಅಂತ ಯೋಚಿಸಿದ್ದೀರಾ ಅಂತ ಕೇಳಿದರು. ನನ್ನ ಯಜಮಾನರು ಎದ್ದು ಒಳಗೆ ಹೋಗಿಬಿಟ್ಟರು. ಆ ಮಾತು ಇವತ್ತಿಗೂ ನೋಯುತ್ತದೆ.

ಆಂಟಿ ಬಗ್ಗೆ ನನಗೆ ಎಷ್ಟು ಪ್ರೀತಿ ಇದೆಯೋ ಅಷ್ಟೇ ಒಂದು ಪ್ರಶ್ನೆಯೂ ಇದೆ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಹೀಗೆ ನಮ್ಮ ಕಷ್ಟಕ್ಕೆ ಆಗುವಾಗ, ಒಳಗೊಳಗೆ ಇವರು ಒಂದು ದಿನ ನಮ್ಮ ಕಡೆ ಬರಲಿ ಅನ್ನುವ ಲೆಕ್ಕ ಇರುತ್ತದಾ? ನಾವು ಬರದಿದ್ದರೆ ಆ ಪ್ರೀತಿ ನಿಲ್ಲುತ್ತದಾ?

ವಾರ್ಡ್ ಸಿಸ್ಟರ್

ಅಕ್ಕಾ, ಈ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ನಾನು ನರ್ಸ್. ಕ್ರೈಸ್ತ ಸಂಸ್ಥೆಗಳ ಆಸ್ಪತ್ರೆಯಲ್ಲೂ ದುಡಿದಿದ್ದೇನೆ, ಬೇರೆಯವರ ಆಸ್ಪತ್ರೆಯಲ್ಲೂ ದುಡಿದಿದ್ದೇನೆ.

ನನಗೆ ಬದುಕು ಕೊಟ್ಟವನು ಯೇಸು ಅಂತ ನಂಬುತ್ತೇನೆ. ಆ ಸಂತೋಷ ಬೇರೆಯವರಿಗೂ ಸಿಗಲಿ ಅನ್ನುವ ಆಸೆ ನನಗಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆಸೆ ಬೇರೆ, ಲೆಕ್ಕ ಬೇರೆ. ಲೂಕ 10ನೇ ಅಧ್ಯಾಯದಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ್ದು ಒಬ್ಬ ಸಮಾರ್ಯದವನು. ಯೇಸುವಿನ ಕಾಲದ ಯೆಹೂದ್ಯರು ಸಮಾರ್ಯದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಯೇಸು ತನ್ನವರಿಗೆ ಮಾದರಿಯಾಗಿ ತೋರಿಸಿದ್ದು ಬೇರೆ ನಂಬಿಕೆಯವನನ್ನು. ಅವನು ಎಣ್ಣೆ ಹಚ್ಚಿದ, ಗಾಯ ಕಟ್ಟಿದ, ಛತ್ರದವನಿಗೆ ದುಡ್ಡು ಕೊಟ್ಟ, ಹೊರಟುಹೋದ. ಗಾಯಗೊಂಡವನು ಆಮೇಲೆ ಏನಾದ ಅಂತ ಕಥೆಯಲ್ಲಿ ಇಲ್ಲವೇ ಇಲ್ಲ.

ನಮ್ಮ ಕೆಲಸದಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಮಂಚದ ಮೇಲೆ ಮಲಗಿರುವವರೂ ನಿಂತಿರುವವರೂ ಸಮ ಅಲ್ಲ. ಇಂಜೆಕ್ಷನ್ ಕೊಡುವ ಕೈ ನನ್ನದು, ಭಯದಲ್ಲಿರುವವರು ಅವರು. ಆ ಹೊತ್ತಿನಲ್ಲಿ ನಾನು ಏನು ಹೇಳಿದರೂ ಬೇಡ ಅನ್ನಲು ಅವರಿಗೆ ಧೈರ್ಯ ಬರುವುದಿಲ್ಲ. ಅದಕ್ಕೇ ಅವರು ಕೇಳದೆ ನಾನು ಪ್ರಾರ್ಥನೆ ಮಾಡುವುದಿಲ್ಲ. ಕೇಳಿದರೆ ಮಾಡುತ್ತೇನೆ, ಚಿಕ್ಕದಾಗಿ, ಪಕ್ಕದ ಮಂಚದವರಿಗೆ ತೊಂದರೆ ಆಗದ ಹಾಗೆ. ಮುಸ್ಲಿಂ ತಾಯಿಯೊಬ್ಬರು ಹೆರಿಗೆಗೆ ಮುಂಚೆ ಅವರ ದುವಾ ಪುಸ್ತಕ ಕೇಳಿದರು. ಬ್ಯಾಗಿನಲ್ಲಿ ಹುಡುಕಿ ಕೈಗೆ ಕೊಟ್ಟೆ. ಅದೂ ನನ್ನ ನಂಬಿಕೆಯ ಕೆಲಸವೇ.

ನರ್ಸಿನ ಸಾಕ್ಷಿ ಏನು ಅಂತ ಕೇಳಿದರೆ ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಮೂರನೇ ಸಲ ಬೆಡ್‌ಪ್ಯಾನ್ ಕೇಳಿದಾಗಲೂ ಮುಖ ಗಂಟಿಕ್ಕದೆ ಕೊಡುವುದು. ಪರದೆ ಎಳೆಯುವುದು. ವಯಸ್ಸಾದವರನ್ನು "ಏಯ್ ಅಜ್ಜಿ" ಅನ್ನದೆ ಹೆಸರಿಟ್ಟು "ಅಮ್ಮಾ" ಅಂತ ಕರೆಯುವುದು. ನೋಡುವವರು ಯಾರೂ ಇಲ್ಲದಾಗಲೂ ಕೈ ತೊಳೆಯುವುದು. ಗುಡ್ ಶೆಫರ್ಡ್ ಸಿಸ್ಟರ್‌ಗಳು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆ ಶುರು ಮಾಡಿದರು. ಅಂದಿನಿಂದ ಈ ಊರಿನಲ್ಲಿ ಎಷ್ಟು ಜಾತಿ ಧರ್ಮದ ಮಕ್ಕಳು ಅಲ್ಲಿ ಹುಟ್ಟಿರಬಹುದು, ಯೋಚನೆ ಮಾಡಿ.

ಅಕ್ಕಾ, ನೀವು ನಮ್ಮ ಕಡೆ ಬರದಿದ್ದರೆ ಪ್ರೀತಿ ನಿಲ್ಲುತ್ತದೆ ಅಂದರೆ ಅದು ಮೊದಲಿನಿಂದಲೂ ಪ್ರೀತಿ ಆಗಿರಲೇ ಇಲ್ಲ. ನಿಮ್ಮ ಆಂಟಿಯದು ಹಾಗಲ್ಲ ಅಂತ ನಿಮಗೇ ಗೊತ್ತಿದೆ ಅನ್ನಿಸುತ್ತದೆ.

ಸಿವಿಲ್ ಕೋರ್ಟ್ ವಕೀಲ

ಕಾನೂನಿನ ವಿಷಯ ಚುಟುಕಾಗಿ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯದ ಮಿತಿಯೊಳಗೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಅಂತ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಅನ್ನುವುದಕ್ಕೆ ಬಹಳ ಅಗಲವಾದ ವಿವರಣೆ ಇದೆ. ಉಡುಗೊರೆ, ದುಡ್ಡು, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ದೇವರ ಕೋಪದ ಭಯ, ಒಂದು ಧರ್ಮವನ್ನು ಇನ್ನೊಂದರ ಎದುರು ಎತ್ತಿ ಹೇಳುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಅದನ್ನು ವಾಪಸ್ ಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನ ಮಾಡಿತು.

ಕಾನೂನು ಪಕ್ಕಕ್ಕಿಟ್ಟರೂ ನನ್ನ ಅಭಿಪ್ರಾಯ ಇದು: ಅಕ್ಕಿ ಮೂಟೆಯನ್ನೂ ಪ್ರಾರ್ಥನೆಗೆ ಕರೆಯುವುದನ್ನೂ ಒಂದೇ ಕೈಯಲ್ಲಿ ಹಿಡಿದು ಹೋಗಬೇಡಿ. ಹಸಿದವರಿಗೆ ಎರಡನ್ನೂ ಬೇರೆ ಮಾಡಿ ನೋಡುವ ಅವಕಾಶ ಇರುವುದಿಲ್ಲ.

ಶಿವಾಜಿನಗರ ಆಟೋ

ನನ್ನ ಗಾಡಿ ಮುಂದೆ ಆರೋಗ್ಯ ಮಾತೆ ಚಿತ್ರ ಇದೆ. ಸೆಪ್ಟೆಂಬರ್ 8ಕ್ಕೆ ಬೆಸಿಲಿಕಾ ತೇರಿನ ದಿನ ಹೂವಿನ ಹಾರ ಹಾಕುತ್ತೇನೆ. ಆ ದಿನ ನಮ್ಮ ಕಡೆ ಬಂದು ನೋಡಿ, ಕಾವಿ ಸೀರೆ ಉಟ್ಟು ಬರುವ ಹೆಣ್ಣುಮಕ್ಕಳಲ್ಲಿ ಯಾರು ಯಾವ ಧರ್ಮ ಅಂತ ಹೇಳಲು ಆಗುವುದಿಲ್ಲ. ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೂ ಹಾಗೇ. ನನ್ನ ಸವಾರಿಯಲ್ಲಿ ಅರ್ಧ ಜನ ಕುಂಕುಮ ಇಟ್ಟವರು.

ಮಾತೆ ಚಿತ್ರ ಹಾಕಿಕೊಂಡ ಮೇಲೆ ಮೀಟರ್ ಹಾಕಲೇಬೇಕು ಅಂತ ನಮ್ಮಮ್ಮ ಹೇಳಿದ್ದರು. ಮಳೆ ಬಂದಾಗ ಒಂದೂವರೆ, ಡಬಲ್ ಕೇಳಲು ಮನಸ್ಸು ಎಳೆಯುತ್ತದೆ. ಎಲ್‌ಪಿಜಿ ಹಾಕಿಸಬೇಕು, ಲೋನ್ ಕಂತು ಕಟ್ಟಬೇಕು. ಆದರೂ ಗರ್ಭಿಣಿ, ವಯಸ್ಸಾದವರು, ಆಸ್ಪತ್ರೆಗೆ ಹೋಗುವವರು ಅಂದರೆ ಮೀಟರಿಗಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಯಾಕೆ ಅಂತ ಕೇಳಿದರೆ ಚಿತ್ರ ತೋರಿಸುತ್ತೇನೆ. ನನಗೆ ಜಾಸ್ತಿ ಮಾತಾಡಲು ಬರುವುದಿಲ್ಲ.

ಲೈನ್ ಸೂಪರ್‌ವೈಸರ್

ಆಟೋ ಅಣ್ಣ ಬರೆದದ್ದು ಓದಿ ನಾನೂ ಬರೆಯಬೇಕು ಅನ್ನಿಸಿತು. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ನಾನು. ಟೈಲರ್ ಆಗಿ ಸೇರಿ ಮೇಲೆ ಬಂದವಳು.

ನಮ್ಮ ಕೆಲಸದಲ್ಲಿ ಕ್ರೈಸ್ತಳಾಗಿರುವುದು ಬಾಯಿಂದ ಶುರುವಾಗುತ್ತದೆ. ಗಾರ್ಮೆಂಟ್ಸ್ ಗೊತ್ತಿರುವವರಿಗೆ ಇದು ಅರ್ಥ ಆಗುತ್ತದೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬೋರ್ಡಿನಲ್ಲಿ ಸಂಖ್ಯೆ ಕಮ್ಮಿಯಾದರೆ ಮೇಲಿನವರು ನನ್ನ ಮೇಲೆ ಕೂಗುತ್ತಾರೆ, ನಾನು ಹುಡುಗಿಯರ ಮೇಲೆ ಕೂಗಬೇಕು. ಕೂಗುವುದು ಅಂದರೆ ಮನೆಯಲ್ಲಿ ಹೇಳಲಾಗದ ಮಾತುಗಳು. ಪೀಸ್ ಮುಖಕ್ಕೆ ಎಸೆಯುವುದು. ಟಾಯ್ಲೆಟ್‌ಗೆ ಹೋದರೆ ಗಡಿಯಾರ ನೋಡುವುದು. ಹೀಗೆ ಮಾಡದಿದ್ದರೆ ಲೈನ್ ಓಡುವುದಿಲ್ಲ ಅಂತ ಎಲ್ಲರೂ ನಂಬಿದ್ದಾರೆ.

ನನ್ನ ಲೈನಿನಲ್ಲಿ ಆ ಮಾತು ಇಲ್ಲ. ಯಾರು ಎಲ್ಲಿ ನಿಧಾನ ಅಂತ ಬೆಳಿಗ್ಗೆಯೇ ನೋಡಿ, ಕಾಲರ್ ಕಷ್ಟ ಆಗುವವಳನ್ನು ಸೈಡ್ ಸೀಮ್‌ಗೆ ಹಾಕುತ್ತೇನೆ. ಮುಟ್ಟಿನ ನೋವು ಇದ್ದವಳಿಗೆ ಕೂರುವ ಕೆಲಸ ಕೊಡುತ್ತೇನೆ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿಸಿದರೆ ಗಂಟೆಯನ್ನು ನಾನೇ ಬರೆದಿಟ್ಟುಕೊಂಡು, ಸಂಬಳದ ಚೀಟಿ ಬಂದಾಗ ಅವರ ಜೊತೆ ಕೂತು ತಾಳೆ ನೋಡುತ್ತೇನೆ. ಓಟಿಗೆ ದುಪ್ಪಟ್ಟು ಕೂಲಿ ಕೊಡಬೇಕು ಅಂತ ಕಾನೂನಿದೆ. ಬಹಳ ಹುಡುಗಿಯರಿಗೆ ಅದು ಗೊತ್ತಿಲ್ಲ, ನಾನು ಹೇಳುತ್ತೇನೆ. ಕೂಲಿಯವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ಕಾಯುತ್ತಿರುತ್ತಾನೆ ಅಂತ ಧರ್ಮೋಪದೇಶಕಾಂಡ 24ರಲ್ಲಿ ಇದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಅಂತ ಯಾಕೋಬ 5ರಲ್ಲಿ ಇದೆ. ಸಭೆಯಲ್ಲಿ ಈ ವಚನಗಳ ಮೇಲೆ ಯಾಕೆ ಪ್ರಸಂಗ ಕಮ್ಮಿ ಅಂತ ನನಗೆ ನಿಜವಾಗಿ ಬೇಸರ ಇದೆ.

ಟಾರ್ಗೆಟ್ ತಪ್ಪುವ ದಿನಗಳು ಇವೆ. ಆಗ ಬೈಗುಳ ನನ್ನ ಹತ್ತಿರವೇ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಇದು ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ. ರಾತ್ರಿ ಮನೆಗೆ ಹೋದಾಗ ಅಡುಗೆಗೂ ಶಕ್ತಿ ಇರುವುದಿಲ್ಲ.

ಲಿಂಗರಾಜಪುರದ ಅಮ್ಮ

ಮಗಳೇ, ನಿನಗಾಗಿ ಇವತ್ತು ಪ್ರಾರ್ಥನೆ ಮಾಡುತ್ತೇನೆ. ಮನೆ ವಿಷಯವನ್ನೂ ಸೇರಿಸಬೇಕು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್, ಬೇರೆ ಲೋಟ. ಗೋಡೆ ಮೇಲೆ ಶಿಲುಬೆ ಇರುವ ಮನೆಯಲ್ಲೂ ನೋಡಿದ್ದೇನೆ. ಕೆಲಸಕ್ಕೆ ಬರುವವಳಿಗೆ ವಾರಕ್ಕೆ ಒಂದು ರಜೆ, ಕಾಯಿಲೆ ಬಿದ್ದಾಗ ಸಂಬಳ ಹಿಡಿಯದಿರುವುದು, ನಾವು ಕೂರುವ ಕುರ್ಚಿ ಮೇಲೆ ಕೂತು ಕಾಫಿ. ಇಷ್ಟು ಮಾಡದೆ ಆಕೆಗೆ ಯೇಸು ವಿಷಯ ಹೇಳಲು ಹೋಗಬೇಡಿ.

ಹೆಸರು ಬೇಡ

ಎಲ್ಲರೂ ಹೊರಗಿನವರ ಮುಂದೆ ಹೇಗಿರಬೇಕು ಅಂತ ಬರೆಯುತ್ತಿದ್ದೀರಿ. ಒಳಗಿನದೂ ಹೇಳಿ. ನಾನು ದಲಿತ ಕ್ರೈಸ್ತ. ಸಭೆಯಲ್ಲಿ ಎಲ್ಲರೂ ಅಣ್ಣ, ಅಕ್ಕ, ಬ್ರದರ್. ಸಂಬಂಧ ನೋಡುವಾಗ "ಮೂಲ ಯಾವ ಜನ?" ಅಂತ ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಸರ್ಕಾರದ ಲೆಕ್ಕದಲ್ಲಿ ನನ್ನ ಜಾತಿ ಹೋಗಿದೆ. ಮದುವೆ ಮನೆಯಲ್ಲಿ ಹೋಗಿಲ್ಲ. ಜೊತೆಗೆ ಈ ಊರಿನ ಚರ್ಚುಗಳಲ್ಲಿ ಕನ್ನಡ, ತಮಿಳು ಅಂತ ಭಾಷೆ ಹೆಸರಿನಲ್ಲಿ ದಶಕಗಳಿಂದ ಜಗಳ ನಡೆದಿದೆ, ಪೇಪರಿನಲ್ಲೂ ಬಂದಿದೆ. ಪಕ್ಕದ ಮನೆಯವರು ಅದನ್ನೂ ಓದುತ್ತಾರೆ.

ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಅಂತ ಇಲ್ಲ, ದಾಸ ಸ್ವತಂತ್ರ ಅಂತ ಇಲ್ಲ ಅಂತ ಗಲಾತ್ಯ 3ರಲ್ಲಿ ಓದುತ್ತೇವೆ. ನನ್ನ ಹಿಂದೂ ಗೆಳೆಯನಿಗೆ ನಾನು ಯೇಸು ಬಗ್ಗೆ ಏನು ಹೇಳಿದರೂ ಅವನು ಕೇಳುವುದು ಒಂದೇ: "ಅಲ್ಲಿ ನಿನಗೆ ಹೆಣ್ಣು ಕೊಟ್ಟರಾ?"

ಸಭಾಪಾಲಕ

ನಿಮ್ಮ ಗೆಳೆಯ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸಮಜಾಯಿಷಿ ಕೊಡುವುದಿಲ್ಲ. ಆರಾಧನೆಯಲ್ಲಿ ಒಂದೇ ಪಾತ್ರೆಯಿಂದ ಪ್ರಭುಭೋಜನದ ದ್ರಾಕ್ಷಾರಸ ಕುಡಿದು ಹೆಣ್ಣು ಕೊಡುವಾಗ ಜಾತಿ ಕೇಳುವವರು ಸುವಾರ್ತೆಯನ್ನು ಸುಳ್ಳು ಮಾಡುತ್ತಿದ್ದಾರೆ. ನಮ್ಮ ಸಭೆಯ ಮದುವೆ ನೋಂದಣಿಯಲ್ಲಿ ಆ ಪ್ರಶ್ನೆಗೆ ಜಾಗ ಕೊಡಬಾರದು ಅಂತ ಪಾಸ್ಟರ್‌ಗಳು ಪೀಠದಿಂದಲೇ ಹೆಸರಿಟ್ಟು ಹೇಳಬೇಕು. ಇದನ್ನು ಓದುವ ಬೇರೆ ಪಾಸ್ಟರ್‌ಗಳೂ ಈ ಮಾತು ತೆಗೆದುಕೊಳ್ಳಿ.

ಕನ್ನಡ ಮೇಷ್ಟ್ರು

ಭಾಷೆ ಜಗಳದ ಮಾತು ಬಂದದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆ ಇದೆ. ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದರು. 1894ರಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಬಂತು. ಸುಮಾರು 70,000 ಶಬ್ದ. ಅದಕ್ಕೂ ಮುಂಚೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿದರು. ಇವು ಜೈನ ಕವಿಗಳ ಕಾಲದ ಕೃತಿಗಳು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ತಂದವರೂ ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್.

ಅವರು ಧರ್ಮ ಪ್ರಚಾರಕ್ಕೆ ಬಂದವರೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಿಟೆಲ್ ತಮ್ಮ ಆಯುಷ್ಯದ ಬಹುಪಾಲನ್ನು ನೆರೆಯವರ ಮಾತು ಕಲಿಯುವುದಕ್ಕೆ, ಅವರ ಹಳೆಯ ಪುಸ್ತಕ ಉಳಿಸುವುದಕ್ಕೆ ಕೊಟ್ಟರು. ನೆರೆಯವನನ್ನು ಪ್ರೀತಿಸುವುದರಲ್ಲಿ ಅವನು ಪ್ರೀತಿಸುವುದನ್ನು ಗೌರವದಿಂದ ಓದುವುದೂ ಸೇರುತ್ತದೆ. ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಸ್ನೇಹಿತರೇ, ಕನ್ನಡ ಕಲಿಯಿರಿ. ಕನ್ನಡ ಕ್ರೈಸ್ತರೇ, ಪಕ್ಕದವರ ವಚನ, ಕೀರ್ತನೆಗಳನ್ನೂ ಓದಿ.

ಕಾಲೇಜ್ ಹುಡುಗಿ

ನನಗೆ ಒಂದು ಗೊಂದಲ ಇದೆ. ನಮ್ಮ ಯೂತ್ ಗ್ರೂಪ್ ಬೀದಿಯಲ್ಲಿ ಮಲಗುವವರಿಗೆ ಕಂಬಳಿ ಕೊಡುತ್ತದೆ. ರೀಲ್ಸ್ ಮಾಡಿ ಹಾಕುತ್ತಾರೆ. ಜನ ನಿಮ್ಮ ಒಳ್ಳೆಯ ಕೆಲಸ ನೋಡಿ ತಂದೆಯನ್ನು ಕೊಂಡಾಡಲಿ ಅಂತ ಮತ್ತಾಯ 5ರಲ್ಲಿ ಇದೆ. ಅದೇ ಬೆಟ್ಟದ ಪ್ರಸಂಗದಲ್ಲಿ, ಮುಂದಿನ ಅಧ್ಯಾಯದಲ್ಲೇ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಇದೆ. ಯಾವುದು ಸರಿ?

ವಾರ್ಡ್ ಸಿಸ್ಟರ್

ಕಂಬಳಿ ತೆಗೆದುಕೊಳ್ಳುವವರ ಮುಖ ವಿಡಿಯೋದಲ್ಲಿ ಬರಬಾರದು. ಅಲ್ಲಿಂದ ಶುರು ಮಾಡು. ಅವರು ಯಾರದೋ ಅಪ್ಪ, ಯಾರದೋ ಅಮ್ಮ. ಊರಿನಲ್ಲಿ ಅವರ ಮಕ್ಕಳು ನೋಡಬಹುದು.

ಸಭಾಪಾಲಕ

ಒಳ್ಳೆಯ ಪ್ರಶ್ನೆ, ಮಗಳೇ. ಐದನೇ ಅಧ್ಯಾಯದಲ್ಲಿ ಹೊಗಳಿಕೆ ತಂದೆಗೆ ಹೋಗುತ್ತದೆ. ಆರನೇ ಅಧ್ಯಾಯದಲ್ಲಿ ಯೇಸು ಬೈಯುವುದು ಹೊಗಳಿಕೆ ತನಗೆ ಬರಲಿ ಅಂತ ತುತ್ತೂರಿ ಊದಿಸುವವರನ್ನು. ರೀಲ್ಸ್ ಹಾಕುವ ಮುಂಚೆ, ಇದನ್ನು ಯಾರೂ ಲೈಕ್ ಮಾಡದಿದ್ದರೆ ಮುಂದಿನ ವಾರವೂ ಹೋಗುತ್ತೇವಾ ಅಂತ ನಿಮ್ಮ ಗುಂಪಿನಲ್ಲೇ ಕೇಳಿಕೊಳ್ಳಿ.

ಹೆಣ್ಣೂರು ಬ್ರದರ್ ಎತ್ತಿದ ಮಾತು ಅರ್ಧಕ್ಕೇ ಉಳಿದಿದೆ. "ಯಾವಾಗಲೂ ಸುವಾರ್ತೆ ಸಾರು, ಬೇಕಾದರೆ ಮಾತು ಬಳಸು" ಅಂತ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೇಳಿದರು ಅಂತ ಎಲ್ಲ ಕಡೆ ಓಡಾಡುತ್ತದೆ. ಅವರ ಯಾವ ಬರಹದಲ್ಲೂ ಅದು ಇಲ್ಲ. 1221ರಲ್ಲಿ ಅವರು ತಮ್ಮ ಸಹೋದರರಿಗೆ ಬರೆದ ನಿಯಮ ಇದಕ್ಕಿಂತ ಚೆನ್ನಾಗಿದೆ. ಮುಸ್ಲಿಮರ ನಡುವೆ ಹೋಗುವವರಿಗೆ ಅವರು ಎರಡು ದಾರಿ ಹೇಳುತ್ತಾರೆ. ಒಂದು, ವಾದ ಜಗಳ ಮಾಡದೆ, ದೇವರಿಗೋಸ್ಕರ ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರು ಅಂತ ಒಪ್ಪಿಕೊಳ್ಳುವುದು. ಇನ್ನೊಂದು, ದೇವರಿಗೆ ಇಷ್ಟ ಅಂತ ಕಂಡಾಗ ವಾಕ್ಯ ಸಾರುವುದು. ಮೊದಲನೇ ದಾರಿಯಲ್ಲೂ ಮುಚ್ಚಿಡುವುದು ಇಲ್ಲ, ನೋಡಿ.

ನಾಲ್ಕನೇ ಶತಮಾನದಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್ ಕ್ರೈಸ್ತರನ್ನು ಇಷ್ಟಪಡದವನು. ಅವನೇ ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಾರಲ್ಲ, ನಮಗೆ ನಾಚಿಕೆ ಅಂತ ಗೋಳಾಡಿದ್ದಾನೆ. ಜನ ಹಾಗೆ ನೋಡಿದ ಮೇಲೆ ಪ್ರಶ್ನೆ ಬರುತ್ತದೆ. 1 ಪೇತ್ರ 3:15 ಹೇಳುವುದೂ ಅದೇ ಸಾಲಿನಲ್ಲಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸಾತ್ವಿಕತೆಯಿಂದ, ಮರ್ಯಾದೆಯಿಂದ. ಕೇಳಿದಾಗ ಸುಮ್ಮನಿರುವುದೂ ಸರಿಯಲ್ಲ ಬ್ರದರ್, ಇದರಲ್ಲಿ ನಿಮ್ಮ ಜೊತೆ ನಾನಿದ್ದೇನೆ.

ಪೀಣ್ಯದ ಅಕೌಂಟೆಂಟ್

ಎಲ್ಲರಿಗೂ ಧನ್ಯವಾದ. ಸಿಎ ಸರ್ ಹೇಳಿದ ಹಾಗೇ ಮೇಲ್ ಹಾಕಿದೆ. ಉತ್ತರ ಬಂದಿಲ್ಲ, ಬಿಲ್ಲೂ ನನ್ನ ಮೇಜಿನಿಂದ ಹೋಗಿದೆ. ಸ್ಟೋರ್ಸ್‌ನ ಒಬ್ಬರು ಮಧ್ಯಾಹ್ನ ಟೀ ಕುಡಿಯುವಾಗ ಕೇಳಿದರು: "ಸುಮ್ನೆ ಹಾಕಿಬಿಡಬಹುದಿತ್ತಲ್ಲ, ಯಾಕೆ ರಿಸ್ಕ್?" ನಾಳೆ ಮಾತಾಡೋಣ ಅಂದಿದ್ದೇನೆ. ಏನು ಹೇಳಲಿ?

ಹೆಣ್ಣೂರು ಬ್ರದರ್

ನಿಮಗೆ ಆಗಿದ್ದನ್ನೇ ಹೇಳಿ. ಉದ್ದ ಬೇಡ. "ನಾನು ಯೇಸುವನ್ನು ನಂಬುವವನು. ಸುಳ್ಳು ಬರೆದು ಭಾನುವಾರ ಅವರ ಮುಂದೆ ನಿಲ್ಲಲು ನನಗೆ ಆಗುವುದಿಲ್ಲ. ನನಗೂ ಭಯ ಇತ್ತು." ಇಷ್ಟು ಸಾಕು. ಅವರು ಇನ್ನೂ ಕೇಳಿದರೆ ಮುಂದುವರಿಸಿ. ಕೇಳದಿದ್ದರೆ ಟೀ ಕುಡಿಯಿರಿ. ಪಾಸ್ಟರ್ ಕೊಟ್ಟ ವಚನದಲ್ಲಿ ಮರ್ಯಾದೆ ಅನ್ನುವ ಮಾತನ್ನು ನಾನು ಮನಸ್ಸಿಗೆ ತೆಗೆದುಕೊಂಡಿದ್ದೇನೆ.

ಬನಶಂಕರಿ ಗೃಹಿಣಿ

ಬ್ರದರ್ ಹೀಗೆ ಹೇಳಿದರೆ ನಾನೂ ಕೂತು ಕೇಳುತ್ತೇನೆ. ಕೇಳುವುದೇ ಆದರೆ ನನ್ನ ಪ್ರಶ್ನೆ ಇದು. ವಾರ್ಡ್ ಸಿಸ್ಟರ್, ನೀವು ಪ್ರಾರ್ಥನೆ ಮಾಡಿದವರು ತೀರಿಕೊಂಡರೆ ನಿಮ್ಮ ನಂಬಿಕೆಗೆ ಏನಾಗುತ್ತದೆ? ನಾವು ಕರ್ಮ ಅಂತೀವಿ. ಮಾಡಿದ್ದು ಉಣ್ಣಬೇಕು ಅಂತೀವಿ. ಅದು ನನಗೆ ಕಷ್ಟದಲ್ಲಿ ಒಂದು ಆಧಾರ. ನೀವು ಏನು ಅಂತೀರಿ?

ವಾರ್ಡ್ ಸಿಸ್ಟರ್

ತುಂಬಾ ಸಲ ಹಾಗೆ ಆಗಿದೆ ಅಕ್ಕಾ. ಅಳುತ್ತೇನೆ. ದೇವರ ಮೇಲೆ ಕೋಪವೂ ಬರುತ್ತದೆ. ಹಾಗೆ ಕೋಪ ಮಾಡಿಕೊಳ್ಳಲು ಬೈಬಲ್ಲಿನಲ್ಲೇ ಜಾಗ ಇದೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಮಾತಿಲ್ಲ. ಯೇಸು ಕೂಡ ಸಾಯುವ ಹಿಂದಿನ ರಾತ್ರಿ ಈ ಕಷ್ಟ ತಪ್ಪಿಸು ಅಂತ ಕೇಳಿಕೊಂಡ. ತಪ್ಪಲಿಲ್ಲ. ನನಗೆ ಆಧಾರ ಅದು. ಬೇಡಿಕೊಂಡರೂ ಸಿಗದವರ ಸಾಲಿನಲ್ಲಿ ದೇವರ ಮಗನೂ ನಿಂತಿದ್ದಾನೆ, ಆಮೇಲೆ ಎದ್ದು ಬಂದಿದ್ದಾನೆ ಅಂತ ನಂಬುತ್ತೇನೆ.

ಕರ್ಮದ ಬಗ್ಗೆ ನಿಮ್ಮ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೇಳಿದ್ದೀರಿ ಅಂತ ಹೇಳುತ್ತೇನೆ. ಹುಟ್ಟಿನಿಂದ ಕಣ್ಣಿಲ್ಲದವನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನಾ ಇವನ ತಂದೆ ತಾಯಿಯಾ ಅಂತ ಶಿಷ್ಯರು ಯೇಸುವನ್ನು ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ. ಯೋಹಾನ 9ನೇ ಅಧ್ಯಾಯ. ಮಕ್ಕಳ ವಾರ್ಡಿನಲ್ಲಿ ತಾಯಂದಿರು "ನಾನೇನು ಪಾಪ ಮಾಡಿದ್ದೆ ಸಿಸ್ಟರ್" ಅಂತ ಕೇಳಿದಾಗ ನನಗೆ ಈ ಮಾತು ಬೇಕಾಗುತ್ತದೆ. ಏನೂ ಮಾಡಿಲ್ಲಮ್ಮಾ ಅಂತ ಧೈರ್ಯವಾಗಿ ಹೇಳಲು ಆಗುತ್ತದೆ.

ಬನಶಂಕರಿ ಗೃಹಿಣಿ

ಇದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕರ್ಮ ಅಂದರೆ ಶಿಕ್ಷೆ ಮಾತ್ರ ಅಲ್ಲ, ಅದರಲ್ಲಿ ತಿದ್ದಿಕೊಳ್ಳುವ ದಾರಿಯೂ ಇದೆ. ಅದನ್ನು ಸರಿಯಾಗಿ ಬರೆಯಲು ನನಗೂ ಸ್ವಲ್ಪ ಸಮಯ ಬೇಕು. ಆದರೆ ಆ ತಾಯಿಗೆ ನೀವು ಹೇಳಿದ ಮಾತನ್ನು ನಾನೂ ಹೇಳುತ್ತಿದ್ದೆ. ಯೋಹಾನ 9 ಓದಿ ಬರುತ್ತೇನೆ, ನೀವು ಡ್ಯೂಟಿ ಮುಗಿಸಿ ಬನ್ನಿ. ಮುಂದಿನದು ಇಲ್ಲೇ ಮಾತಾಡೋಣ.